ಶಸ್ತ್ರದ ಸಂತೆ ಮತ್ತು ಅಹಿಂಸೆಯ ತಕ್ಕಡಿ

ವ್ಯಾಪಾರಿಯ ತಕ್ಕಡಿಯಲ್ಲಿ ಸರಕಿನ ತೂಕ ಕಾಣುತ್ತದೆ. ಕೊಂಡವನ ಕೈಯಲ್ಲಿ ಆ ಸರಕು ಏನಾಗುವುದೆಂಬುದು ಕಾಣುವುದಿಲ್ಲ. ಅಕ್ಕಿ, ಬಟ್ಟೆಗಳ ವ್ಯವಹಾರದಲ್ಲಿ ಈ ಚಿಂತೆಗೆ ಅವಕಾಶವಿಲ್ಲ. ಆದರೆ ಸರಕು ಶಸ್ತ್ರವೇ ಆದಾಗ, ಮುಂದೆ ನಡೆಯುವ ಹಿಂಸೆಯಲ್ಲಿ ಮಾರಿದವನ ಪಾಲೆಷ್ಟು ಎಂಬ ಪ್ರಶ್ನೆ ಏಳದೆ ಇರದು. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಲಂಡನ್ನಿನಲ್ಲಿ ನಾಲ್ವರು ರಸ್ತೆಯ ಮೇಲೆ ಮಲಗಿದ ಪ್ರಸಂಗವು ವಿಚಾರಾರ್ಹವಾದುದು.

ಪೂರ್ವ ಲಂಡನ್ನಿನ ಎಕ್ಸೆಲ್ ಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಗಳಿಗೊಮ್ಮೆ ಶಸ್ತ್ರಾಸ್ತ್ರಗಳ ಬೃಹತ್ ಮೇಳ ಜರುಗುತ್ತದೆ. ತಯಾರಕರು ಅಲ್ಲಿ ಮಳಿಗೆಗಳನ್ನು ತೆರೆಯುತ್ತಾರೆ. ಬ್ರಿಟನ್ ಸರ್ಕಾರದ ಆಹ್ವಾನದಂತೆ ಅನ್ಯದೇಶಗಳ ನಿಯೋಗಗಳು ಆಗಮಿಸುತ್ತವೆ. 2017ರ ಸೆಪ್ಟೆಂಬರ್ 5ರಂದು, ಮೇಳದ ಪ್ರಾರಂಭಕ್ಕೆ ಒಂದು ವಾರವಿರುವಾಗ, ಈ ಕೇಂದ್ರಕ್ಕೆ ಹೋಗುವ ರಸ್ತೆಯ ಒಂದು ಪಥದಲ್ಲಿ ನಾಲ್ವರು ಮಲಗಿದರು. ಎರಡು ಪೆಟ್ಟಿಗೆಗಳ ಬದಿಗಳಿಗೆ ಜೋಡಿಸಿದ್ದ ಕೊಳವೆಗಳಲ್ಲಿ ತಮ್ಮ ತೋಳುಗಳನ್ನು ತೂರಿಸಿ, ಸುಲಭವಾಗಿ ಬಿಡಿಸಲಾಗದಂತೆ ಒಳಗೆ ಬಂಧಿಸಿಕೊಂಡಿದ್ದರು. ಮೇಳಕ್ಕೆ ಸಾಮಗ್ರಿ ಒಯ್ಯುವ ವಾಹನಗಳನ್ನು ತಡೆಯುವುದೇ ಅವರ ಉದ್ದೇಶವಾಗಿತ್ತು.

ಪೊಲೀಸರು ಕೂಡಲೇ ಅವರ ಬಳಿಗೆ ಬಂದರು. ತಾವಾಗಿಯೇ ಎದ್ದು ಹೋಗುವಂತೆ ಐದು ಹಂತಗಳಲ್ಲಿ ಅವರ ಮನವೊಲಿಸಲು ಯತ್ನಿಸಿದರು. ಅದು ಫಲಿಸದಿದ್ದಾಗ ಬಂಧಿಸಿದರು. ಪೆಟ್ಟಿಗೆಗಳನ್ನು ಬಿಚ್ಚಿ ನಾಲ್ವರನ್ನೂ ರಸ್ತೆಯಿಂದ ತೆರವುಗೊಳಿಸಲು ಸುಮಾರು 90 ನಿಮಿಷಗಳು ಹಿಡಿದವು. ಮಲಗಿದವರು ಪ್ರತಿಭಟಿಸಿ ಕೈ ಎತ್ತಲಿಲ್ಲ, ಗಲಭೆಯೂ ಆಗಲಿಲ್ಲ. ಒಂದು ಕಡೆ ದೃಢಸಂಕಲ್ಪ, ಇನ್ನೊಂದು ಕಡೆ ಕರ್ತವ್ಯ. ಎರಡು ಕಡೆಗಳಲ್ಲಿಯೂ ಸಂಯಮವಿತ್ತು.

ಹೆದ್ದಾರಿಗೆ ಅಡ್ಡಿಪಡಿಸಿದ ಆರೋಪದ ಮೇಲೆ ಮೊಕದ್ದಮೆ ಹೂಡಲಾಯಿತು. 2018ರಲ್ಲಿ ಕೆಳಗಿನ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. 2019ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2021ರ ಜೂನ್ 25ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಖುಲಾಸೆಯನ್ನೇ ಮರಳಿ ಸ್ಥಾಪಿಸಿತು. ರಸ್ತೆ ತಡೆದ ಮಾತ್ರಕ್ಕೆ ಅಪರಾಧವಾಗುವುದಿಲ್ಲ; ಯಾರನ್ನು ತಡೆದರು, ಎಷ್ಟು ಹೊತ್ತು ತಡೆದರು, ಇತರರಿಗೆ ಬೇರೆ ದಾರಿ ಇತ್ತೇ, ಶಾಂತಿಯಿಂದ ನಡೆದುಕೊಂಡರೇ ಎಂಬುದನ್ನೆಲ್ಲ ತೂಗಿ ನೋಡಬೇಕು ಎಂಬುದು ಆ ತೀರ್ಪಿನ ಸಾರ. ಮೇಳಕ್ಕೆ ಹೋಗುವವರಿಗೆ ಮಾತ್ರ ತಡೆಯಾಗುವಂತಹ ಸ್ಥಳವನ್ನು ಆ ನಾಲ್ವರು ಆಲೋಚಿಸಿ ಆರಿಸಿದ್ದರು.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿಯೇ ಎತ್ತಬಹುದು. ದಾರಿ ಎಲ್ಲರ ಸೊತ್ತು. ಇಂದು ಸದುದ್ದೇಶಕ್ಕೆ ತಡೆದರೆ ನಾಳೆ ದುರುದ್ದೇಶಕ್ಕೂ ತಡೆಯಬಹುದು. ಬ್ರಿಟನ್ನಿನ ಶಾಸಕರೂ ಹೀಗೆಯೇ ಭಾವಿಸಿರಬೇಕು. 2022ರ ಕಾಯಿದೆಯು ಹೆದ್ದಾರಿ ತಡೆಗೆ ದಂಡದ ಜೊತೆಗೆ ಸೆರೆವಾಸವನ್ನೂ ಸೇರಿಸಿತು. 2023ರ ಕಾಯಿದೆಯು ಈ ರೀತಿ ದೇಹವನ್ನು ಬಂಧಿಸಿಕೊಂಡು ಅಡ್ಡಿಪಡಿಸುವುದನ್ನೇ ಪ್ರತ್ಯೇಕ ಅಪರಾಧವನ್ನಾಗಿಸಿತು. ರಾಜ್ಯಕ್ಕೆ ರಕ್ಷಣೆ ಬೇಕು, ರಕ್ಷಣೆಗೆ ಶಸ್ತ್ರ ಬೇಕು ಎಂಬ ವಾದವನ್ನೂ ಹಗುರವಾಗಿ ಕಾಣಲಾಗದು. ಗೃಹಸ್ಥನಿಗೆ ವಿರೋಧಿಹಿಂಸೆಯು ಪೂರ್ಣವಾಗಿ ತಪ್ಪದೆಂಬುದನ್ನು ನಮ್ಮ ಆಚಾರ್ಯರೂ ಬಲ್ಲರು.

ಆದರೆ ತನ್ನ ಮನೆಯ ಬಾಗಿಲು ಕಾಯುವುದು ಬೇರೆ, ಕೊಲ್ಲುವ ಸಾಧನವನ್ನು ಸಂತೆಗಿಡುವುದು ಬೇರೆ. ಯೆಮೆನ್ ದೇಶದಲ್ಲಿ 2015ರಿಂದ ನಡೆದ ಯುದ್ಧದಲ್ಲಿ ಬಳಸಲ್ಪಡುತ್ತಿದ್ದ ಶಸ್ತ್ರಗಳನ್ನು ಬ್ರಿಟನ್ ಸೌದಿ ಅರೇಬಿಯಕ್ಕೆ ಮಾರುತ್ತಿತ್ತು. ಹಿಂದೆ ನಡೆದ ದಾಳಿಗಳಲ್ಲಿ ಯುದ್ಧನಿಯಮಗಳ ಉಲ್ಲಂಘನೆಯಾಗಿದೆಯೇ ಎಂಬುದನ್ನು ತೀರ್ಮಾನಿಸದೆ ಪರವಾನಗಿ ಕೊಟ್ಟದ್ದು ಕಾನೂನುಬಾಹಿರವೆಂದು 2019ರ ಜೂನ್ ತಿಂಗಳಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಹೇಳಿತು. ಸರ್ಕಾರವು ಪರಿಶೀಲನೆ ಮುಗಿಯಿತೆಂದು ಸಾರಿ, 2020ರ ಜುಲೈ ತಿಂಗಳಲ್ಲಿ ಪರವಾನಗಿಗಳನ್ನು ಪುನಃ ನೀಡಲಾರಂಭಿಸಿತು. ಲೆಕ್ಕಪತ್ರ ಸರಿಯಾಗಬಹುದು, ಕಳೆದ ಪ್ರಾಣ ಯಾವ ಖಾತೆಗೂ ಮರಳಿ ಜಮೆಯಾಗದು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನೂ ಎಣಿಸಿದೆ. ಖಡ್ಗ, ಕೊಡಲಿ ಮೊದಲಾದ ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವುದೇ ಹಿಂಸಾದಾನ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುತ್ತದೆ ಎಂದ ಮೇಲೆ, ‘ನಾನು ಮಾರಿದೆ, ಕೊಂದವನು ಅವನು’ ಎಂಬ ಸಮಾಧಾನಕ್ಕೆ ಶ್ರಾವಕನಲ್ಲಿ ಸ್ಥಳವಿಲ್ಲ. ಲಂಡನ್ನಿನ ಆ ನಾಲ್ವರು ಈ ಗ್ರಂಥವನ್ನು ಓದಿದವರಲ್ಲದಿರಬಹುದು. ಪ್ರಶ್ನೆ ಮಾತ್ರ ಅದೇ.

ನಮ್ಮಲ್ಲಿ ಬಹುಮಂದಿ ರಸ್ತೆಯಲ್ಲಿ ಮಲಗುವವರಲ್ಲ. ಎಲ್ಲರೂ ಹಾಗೆ ಮಾಡಬೇಕೆಂಬ ನಿಯಮವೂ ಇಲ್ಲ. ಆದರೆ ಷೇರುಗಳನ್ನು ಕೊಳ್ಳುವ ಕುಟುಂಬ ತನ್ನ ಹಣವು ಯಾವ ಉದ್ಯಮಕ್ಕೆ ಹೋಗುವುದೆಂದು ವಿಚಾರಿಸಬಹುದು. ಮ್ಯೂಚುವಲ್ ಫಂಡಿನ ಪಟ್ಟಿಯಲ್ಲಿರುವ ಕಂಪನಿಗಳ ಹೆಸರುಗಳನ್ನು ಒಮ್ಮೆ ಓದಬಹುದು. ದೇವರ ಮುಂದಿಡುವ ಕಾಣಿಕೆಯಲ್ಲಿ ಯಾವ ಲಾಭದ ಪಾಲು ಸೇರಿದೆಯೆಂದು ಯೋಚಿಸಬಹುದು. ಇದಕ್ಕೆ ಪೊಲೀಸರ ಭಯವಿಲ್ಲ, ನ್ಯಾಯಾಲಯದ ಅಲೆದಾಟವಿಲ್ಲ. ಕೆಲವೊಮ್ಮೆ ಅಲ್ಪ ಲಾಭವನ್ನು ಬಿಡಬೇಕಾದೀತು, ಅಷ್ಟೇ. ಪರರ ವಾಹನವನ್ನು ತಡೆಯಲು 90 ನಿಮಿಷ ನೆಲದ ಮೇಲೆ ಮಲಗಿದವರನ್ನು ಮೆಚ್ಚುವ ಮುನ್ನ, ತನ್ನ ಹಣವನ್ನು ತಡೆದು ಕೇಳುವ ಧೈರ್ಯ ತನ್ನಲ್ಲಿದೆಯೇ ಎಂದು ಪ್ರತಿಯೊಬ್ಬ ಗೃಹಸ್ಥನೂ ನೋಡಿಕೊಳ್ಳುವುದು ಯೋಗ್ಯ.