ಒಂದು ಬಕೆಟ್ ಬಿಸಿನೀರಿನ ಲೆಕ್ಕ

ಜುಲೈಯಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಸೋಮವಾರಪೇಟೆ ತಾಲೂಕಿನ ಶಾಂತಳ್ಳಿ ಕಡೆ. ಮಳೆ ಅಂದ್ರೆ ಅಲ್ಲಿಯ ಮಳೆ! ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಬಚ್ಚಲ ಒಲೆ ಮುಂದೆ ಕೂತು ಒದ್ದೆ ಸೌದೆ ಊದುತ್ತಾ ಕೆಮ್ಮುತ್ತಿದ್ದಾಳೆ. ಅವಳಿಗೆ ಮೊದಲೇ ಗೂರಲು. ಅದಕ್ಕೇ 2024ರಲ್ಲಿ ಗೀಸರ್ ಹಾಕಿಸಿ ಕೊಟ್ಟಿದ್ದೆ.

"ಗೀಸರ್ ಏನಾಯ್ತಮ್ಮಾ?"

"ನಿಮ್ಮಪ್ಪನ್ನ ಕೇಳು."

ಅಪ್ಪ ಕರೆಂಟ್ ಬಿಲ್ ತಂದು ಎದುರಿಗಿಟ್ಟರು. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಸಿಗೋದು 110 ಯೂನಿಟ್. 2022-23ರ ತಿಂಗಳ ಸರಾಸರಿ 100, ಅದರ ಮೇಲೆ ಶೇಕಡಾ 10. ಆಗ ಗೀಸರ್ ಇರಲಿಲ್ಲವಲ್ಲ! ಗೀಸರ್ ಬಂದ ಮೇಲೆ ಒಂದು ತಿಂಗಳು 141 ಆಗಿದೆ. "ಲಿಮಿಟ್ ದಾಟಿದ್ರೆ ಫ್ರೀ ಪೂರ್ತಿ ಹೋಗತ್ತಂತೆ" ಅಂತ ಯಾರೋ ಹೇಳಿದ್ದಾರೆ. ಅವತ್ತೇ ಗೀಸರ್ ಸ್ವಿಚ್ ಮೇಲೆ ಟೇಪ್ ಬಿದ್ದಿದೆ.

ಸರಿ, ಪೇಪರ್ ಪೆನ್ನು ಹಿಡಿದು ಕೂತೆ. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್. 9 ವ್ಯಾಟಿನ ಎಲ್ಇಡಿ ಬಲ್ಬ್ ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗಲ್ಲ. ಅಪ್ಪ ರಾತ್ರಿಯೆಲ್ಲಾ ಲೈಟ್ ಆರಿಸಿಕೊಂಡು ಓಡಾಡೋದು ಈ ಒಂದೂವರೆ ಯೂನಿಟ್ಟಿಗೆ :) 500 ವ್ಯಾಟಿನ ಮಿಕ್ಸಿ ದಿನಕ್ಕೆ 10 ನಿಮಿಷ ತಿರುಗಿದರೆ ತಿಂಗಳಿಗೆ ಎರಡೂವರೆ ಯೂನಿಟ್. ನಿಜವಾಗಿ ಕರೆಂಟ್ ತಿನ್ನೋದು ಬಿಸಿ ಮಾಡುವ ಸಾಮಾನುಗಳು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ 4.2 ಕಿಲೋಜೂಲ್ ಬೇಕು. 20 ಲೀಟರಿನ ಬಕೆಟ್, 25 ಡಿಗ್ರಿ ಏರಬೇಕು ಅಂದ್ರೆ 2100 ಕಿಲೋಜೂಲ್. ಒಂದು ಯೂನಿಟ್ಟಿಗೆ 3600 ಕಿಲೋಜೂಲ್. ಅಂದರೆ ಬಕೆಟ್ಟಿಗೆ ಹತ್ತಿರ ಹತ್ತಿರ 0.6 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಒಂದು ಸ್ನಾನಕ್ಕೆ ಮೂರೂವರೆ ರೂಪಾಯಿ. ಪೇಟೆಯಲ್ಲಿ ಅರ್ಧ ಲೋಟ ಕಾಫಿಯೂ ಬರಲ್ಲ.

ಇನ್ನು ಲಿಮಿಟ್ ವಿಷಯ. 110 ದಾಟಿದರೆ ದಾಟಿದ ಯೂನಿಟ್ಟಿಗಷ್ಟೇ ದುಡ್ಡು. 31 ಯೂನಿಟ್, ತೆರಿಗೆ ಬಿಟ್ಟು 186 ರೂಪಾಯಿ. ಪೂರ್ತಿ ಬಿಲ್ ಕಟ್ಟಬೇಕಾಗೋದು 200 ದಾಟಿದಾಗ. ಆಗ 201ನೇ ಯೂನಿಟ್ಟಿನ ಬೆಲೆ ಆರುನೂರು ರೂಪಾಯಿಗೂ ಮೇಲೆ! ಅಪ್ಪನ ಹೆದರಿಕೆ ಸುಳ್ಳಲ್ಲ, ಗೆರೆ ಮಾತ್ರ ತಪ್ಪು ಜಾಗದಲ್ಲಿತ್ತು.

ನನಗೆ ಆಶ್ಚರ್ಯ ಅನ್ನಿಸಿದ್ದು ಬೇರೆ. ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದಾಗ ಅಪ್ಪ ಮೀಟರ್ ಕಡೆ ತಿರುಗಿಯೂ ನೋಡಿದವರಲ್ಲ. ಪುಕ್ಕಟೆ ಆದಮೇಲೆ ದಿನಾ ನೋಡ್ತಾರೆ. ಅಮ್ಮನ ಕೆಮ್ಮಿಗೆ ಮೀಟರ್ ಇಲ್ಲ, ಹಾಗಾಗಿ ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಬೆಂಗಳೂರಲ್ಲಿ ಕೂತ ನನ್ನ ಲೆಕ್ಕಕ್ಕೂ.

ಅಪ್ಪ ಪೇಪರನ್ನು ಎರಡು ಸಲ ನೋಡಿದರು. "ಹಾಗಾದ್ರೆ ಇನ್ನೂ 59 ಯೂನಿಟ್ ಜಾಗ ಇದೆ ಅನ್ನು" ಅಂದವರೇ ಹೋಗಿ ಟೇಪ್ ಕಿತ್ತರು.

ವಾಪಸ್ ಬಂದು ವಾರದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. "ಬಿಸಿನೀರು ಬರ್ತಿದ್ಯಾ?"

"ಲೈನ್ ಮೇಲೆ ಮರ ಬಿದ್ದು ಮೂರು ದಿನ ಆಯ್ತು ಕಣೋ, ಕರೆಂಟೇ ಇಲ್ಲ. ಹಂಡೆಗೇ ಬೆಂಕಿ ಹಾಕಿದೀವಿ. ಒಲೆ ಮುಂದೆ ನಿಮ್ಮಪ್ಪನೇ ಕೂತಿದಾರೆ ನೋಡು."

ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತು.