ಮುನ್ನೂರೈವತ್ತರ ಗ್ಲಾಸು, ಇನ್ನೂರರ ಬಾಟ್ಲಿ



ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ಹುಮನಾಬಾದ್ ಕಡೆಯ ತಮ್ಮನೊಬ್ಬ ವಾಟ್ಸಾಪಿನಲ್ಲಿ ಕೇಳಿದ್ದಾನೆ: "ಅಣ್ಣಾ, ಇಲ್ಲಿ ಕ್ರಾಫ್ಟ್ ಲಾಗರ್ ಅಂತ ಒಂದ್ ಗ್ಲಾಸಿಗೆ ಮುನ್ನೂರೈವತ್ತು ತಗೋತಾರ. ನಮ್ಮೂರಾಗ ಅಷ್ಟರಾಗ ಹತ್ತತ್ರ ಎರಡು ಬಾಟ್ಲಿ ಸ್ಟ್ರಾಂಗ್ ಬರ್ತದ. ಇದು ಖರೇನೇ ಅಷ್ಟು ಬಾಳ್ತದೇನು, ಇಲ್ಲಾ ನಮಗ ಟೋಪಿ ಹಾಕ್ಲತ್ತಾರೇನು?" ಹೌದು, ಇಲ್ಲ ಅಂತ ಒಂದು ಮಾತಿನಲ್ಲಿ ಮುಗಿಯೋ ಪ್ರಶ್ನೆ ಅಲ್ಲ ಇದು. ಅದಕ್ಕೇ ಇಲ್ಲಿ ಬರೀಲತ್ತೀನಿ.

"ಜೈಭೀಮ್ ಅನ್ನೋರು ಬಿಯರ್ ಬಗ್ಗೆ ಬರೀತಾರೇನ್ರಿ?" ಅಂತ ಕೆಲವರು ಮುಖ ಸಿಂಡರಿಸ್ತೀರಿ, ಗೊತ್ತದ. ಬಾಬಾಸಾಹೇಬರು ಕುಡೀತಿರಲಿಲ್ಲ. ಆದ್ರ 1951ರಲ್ಲಿ ಅವರ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ ಹೊರಡಿಸಿದ ಚುನಾವಣಾ ಪ್ರಣಾಳಿಕೆ ತೆಗೆದು ನೋಡ್ರಿ. ಪಾನನಿಷೇಧ ರದ್ದು ಮಾಡಿ ಅಬಕಾರಿ ಆದಾಯ ಉಳಿಸಿಕೊಳ್ಳಬೇಕು ಅಂತ ಅದರಲ್ಲಿ ಅದ. ಇನ್ನೊಂದು ಕಡೆ, 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದುಕೊಂಡು ಹೋದ ಹಳ್ಳಿ ಹೆಣ್ಮಕ್ಕಳು ಮದ್ಯ ಪೂರ್ತಿ ಬಂದ್ ಮಾಡ್ರಿ ಅಂದ್ರು. ಗಂಡಂದಿರ ಕೂಲಿ ಎಲ್ಲಿಗೆ ಹೋಗ್ತದ ಅನ್ನೋದು ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಎರಡೂ ನಮ್ಮ ಮಾತೇ, ಎರಡನ್ನೂ ನಾನು ಗೌರವಿಸ್ತೀನಿ. ಇನ್ನು ನಮ್ಮ ಬಸವಕಲ್ಯಾಣದ ಮಟ್ಟಿಗೆ ಹೇಳೋದಾದ್ರ, ಹನ್ನೆರಡನೇ ಶತಮಾನದಾಗೇ ಹೆಂಡದ ಮಾರಯ್ಯ ಅನ್ನೋ ಶರಣ ಹೆಂಡ ಮಾರುವ ಕಾಯಕದ ಹೆಸರು ಹೊತ್ತುಕೊಂಡೇ ವಚನಕಾರರ ಸಾಲಿನಲ್ಲಿ ನಿಂತಾನ. ಕಲ್ಯಾಣದಾಗ ಈ ಮಾತಿಗೆ ಮೈಲಿಗೆ ಇಲ್ಲ.

ಮೊದಲು ಸಾಮಾನಿನ ವಿಚಾರ. ಬಹಳ ಜನಕ್ಕೆ ಗೊತ್ತಿಲ್ಲ: ಕಿಂಗ್‌ಫಿಷರ್, ನಾಕೌಟ್, ಹೇವರ್ಡ್ಸ್ 5000 ಎಲ್ಲಾ ಲಾಗರ್ ಜಾತಿಗೇ ಸೇರಿದವು. (ಜಾತಿ ಅನ್ನೋ ಪದ ಇಲ್ಲೂ ಬಂತು ನೋಡ್ರಿ.) ಲಾಗರ್ ಅನ್ನೋದು ಜರ್ಮನ್ ಮಾತು, ದಾಸ್ತಾನು ಇಡೋದು ಅಂತ ಅರ್ಥ. ಇದರ ಈಸ್ಟ್ ತಂಪಿನಾಗ, ಹತ್ತು ಡಿಗ್ರಿ ಆಸುಪಾಸಿನಾಗ, ನಿಧಾನಕ್ಕೆ ಹುದುಗು ಬರಿಸ್ತದ. ಆಮ್ಯಾಲ ಸೊನ್ನೆ ಡಿಗ್ರಿ ಹತ್ರ ವಾರಗಟ್ಟಲೆ ಸುಮ್ಮನೆ ಇಡಬೇಕು. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಾಗ ಮಾಡಿದ ಬಂಗಾರದ ಬಣ್ಣದ ಲಾಗರೇ ಇವತ್ತು ನಮ್ಮ ಹೈವೇ ಧಾಬಾಗಳ ಫ್ರಿಜ್ಜಿನಾಗ ಇರೋ ಬಾಟ್ಲಿಗಳಿಗೆ ಮುತ್ತಜ್ಜ.

ಏಲ್ ಅನ್ನೋ ಇನ್ನೊಂದು ಥರದ ಬಿಯರ್ ಎರಡು ವಾರಕ್ಕೆ ತಯಾರಾಗ್ತದ. ಸರಿಯಾದ ಲಾಗರಿಗೆ ತಿಂಗಳು, ಒಂದೊಂದ್ಸಲ ಒಂದೂವರೆ ತಿಂಗಳು ಬೇಕು. ಇಂದಿರಾನಗರದಂಥ ಜಾಗದಾಗ ಬಾಡಿಗೆ ಕೊಟ್ಟು ನಾಲ್ಕೋ ಆರೋ ಟ್ಯಾಂಕ್ ಇಟ್ಟವನಿಗೆ ಒಂದು ಟ್ಯಾಂಕು ತಿಂಗಳುಗಟ್ಟಲೆ ಸುಮ್ಮನೆ ಕೂತ್ರ ನಷ್ಟ. ಅಷ್ಟು ದಿನದಾಗ ಅದೇ ಟ್ಯಾಂಕಿನಾಗ ಎರಡು ಮೂರು ಸಲ ಏಲ್ ತೆಗೀಬಹುದಿತ್ತು. ಮ್ಯಾಲ ಲಾಗರ್ ತಿಳಿ, ಬಾಯಿಗೆ ಹಗುರ. ತಪ್ಪು ಮುಚ್ಚಿಕೊಳ್ಳಾಕ ಅದರಾಗ ಜಾಗ ಇಲ್ಲ. ಏನರೇ ಕೆಟ್ಟಿದ್ರ ಮೊದಲನೇ ಗುಟುಕಿಗೇ ಗೊತ್ತಾಗ್ತದ. ಹಂಗಾಗಿ ಖರೇ ತಿಂಗಳು ಕೂಡಿಸಿ ಮಾಡಿದ ಲಾಗರಿಗೆ ಒಂದಿಷ್ಟು ಜಾಸ್ತಿ ಕೇಳಿದ್ರ ಅದು ನ್ಯಾಯ ಅಂತೀನಿ. ಅದು ದಿನದ ಕೂಲಿ, ಜಾಗದ ಬಾಡಿಗೆ.

ದೊಡ್ಡ ಕಂಪನಿಯವರು ಬಾರ್ಲಿ ಜೊತೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಹಾಕ್ತಾರ, ದಿನ ಕಡಿಮೆ ಮಾಡ್ತಾರ, ಸೋಸಿ, ಬಿಸಿ ಮಾಡಿ ಬಾಟ್ಲಿ ತುಂಬ್ತಾರ. ಇದಕ್ಕ ಮೂಗು ಮುರಿಯೋದು ಸಲ್ಲ. ಏಪ್ರಿಲ್ ಬಿಸಿಲಾಗ ಲಾರಿ ಮ್ಯಾಲ ಬಂದು ಹುಮನಾಬಾದಿನ ಗೋದಾಮಿನಾಗ ಕೂತ ಬಾಟ್ಲಿ ತೆಗೆದಾಗ ಹುಳಿ ಬಂದಿರಬಾರದು ಅಂದ್ರ ಅದೂ ಒಂದು ಕಸುಬುಗಾರಿಕೆನೇ. ಅಕ್ಕಿ ಹಾಕಿದ್ರ ಕಲಬೆರಕೆ ಅಂತಲೂ ಅಲ್ಲ. ಇನ್ನು ನಮ್ಮ ಹುಡುಗರು ಬಾಟ್ಲಿ ತೆರೆದು ಬೋರಲು ಮಾಡಿ ನೀರಿನ ಗ್ಲಾಸಿನಾಗ ಇಳಿಸಿ "ಗ್ಲಿಸರಿನ್ ತೆಗೀಲತ್ತೀವಿ ಅಣ್ಣಾ" ಅಂತಾರಲ್ಲ, ದಯಮಾಡಿ ಬಿಡ್ರಿ. ನೀರಿಗಿಂತ ಬಿಯರ್ ಚೂರು ಭಾರ, ಅದಕ್ಕ ಕೆಳಗ ಇಳೀತದ. ನೀವು ಚೆಲ್ಲತ್ತಿರೋದು ರೊಕ್ಕ ಕೊಟ್ಟ ಬಿಯರ್.

ನಾನು ಗುಮಾಸ್ತ, ಲೆಕ್ಕ ಹಾಕದೆ ನಿದ್ದೆ ಬರೋದಿಲ್ಲ. 650 ಎಂಎಲ್ ಸ್ಟ್ರಾಂಗ್ ಬಾಟ್ಲಿಯಾಗ ಹೆಚ್ಚಂದ್ರ ಶೇ. 8 ಆಲ್ಕೋಹಾಲ್, ಅಂದ್ರ 52 ಎಂಎಲ್. ಇನ್ನೂರು ರೂಪಾಯಿ ಹಿಡಿದ್ರ ಎಂಎಲ್ಲಿಗೆ ನಾಲ್ಕು ರೂಪಾಯಿ ಬೀಳೋದಿಲ್ಲ. ತಮ್ಮ ಕುಡಿದ 330 ಎಂಎಲ್ ಗ್ಲಾಸಿನಾಗ ಶೇ. 5 ಅಂತ ಹಿಡೀರಿ, ಹದಿನಾರೂವರೆ ಎಂಎಲ್. ಎಂಎಲ್ಲಿಗೆ ಇಪ್ಪತ್ತೊಂದು ರೂಪಾಯಿ. ನಮ್ಮ ಕೇರಿಯ ದುಡಿಯೋ ಕೈ ಕೊಳ್ಳೋದು ಇವೆರಡೂ ಅಲ್ಲ. 90 ಎಂಎಲ್ ವಿಸ್ಕಿ ಪ್ಯಾಕೆಟ್, ಶೇ. 42.8. ಐವತ್ತರ ಆಸುಪಾಸು ಹಿಡಿದ್ರೂ ಎಂಎಲ್ಲಿಗೆ ಒಂದೂಕಾಲು, ಒಂದೂವರೆ ರೂಪಾಯಿ. 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ಬಂದ್ ಮಾಡ್ತು. ಕುಡಿಯೋದು ಬಂದ್ ಆಗಲಿಲ್ಲ, ಆ ಜಾಗಕ್ಕ ಈ ಪ್ಯಾಕೆಟ್ ಬಂತು. ಬಿಯರ್ ಮ್ಯಾಲ 2023ರಾಗ ಹೆಚ್ಚುವರಿ ಅಬಕಾರಿ ಸುಂಕ ಶೇ. 175 ಇದ್ದದ್ದು 185 ಆಯ್ತು. ಮೈಮುರಿದು ದುಡಿದು ಬಂದವನಿಗೆ ಹಗುರಾದ ಬಿಯರ್ ದುಬಾರಿ, ಕರುಳು ಸುಡೋ ಪ್ಯಾಕೆಟ್ ಅಗ್ಗ. "ಬಡವರಿಗೆ ರುಚಿ ಗೊತ್ತಿಲ್ಲ, ಕಿಕ್ ಬೇಕು ಅಷ್ಟೇ" ಅಂತ ಹೇಳುವ ಮಹಾನುಭಾವರು ಒಂದ್ಸಲ ಈ ಲೆಕ್ಕ ಮಾಡಲಿ. ರುಚಿ ಗೊತ್ತಿಲ್ಲದೆ ಏನ್ರಿ? ಒಂದು ಬದನೆಕಾಯಿಗೆ ನಮ್ಮ ಅವ್ವಂದಿರು ಹತ್ತು ರುಚಿ ಹಚ್ಚ್ಯಾರ.

ಕ್ರಾಫ್ಟ್ ಬಿಯರಿನವರು ಲೆಕ್ಕಕ್ಕೇ ತಗೊಳ್ಳದ ಒಂದು ಮಾತು ಅದ. ನನ್ನ ಸೋದರಮಾವ ಹೇಳ್ತಿದ್ದ: ಅವನ ಹರೇದ ದಿನಗಳಾಗ ಊರ ಸೇಂದಿ ಅಂಗಡಿಯಾಗ ನಮ್ಮವರಿಗೆ ಬೇರೆ ಲೋಟ. ಕುಡಿದ ಮ್ಯಾಲ ನಾವೇ ತೊಳೆದು ಗ್ವಾಡಿ ಮ್ಯಾಲ ಬೋರಲಿಡಬೇಕು. ಸುರಿಯೋನು ಮ್ಯಾಲಿಂದ ಸುರೀತಿದ್ದ, ತಾಗಬಾರದು ಅಂತ. ಮುಂದ ಮಾವ ಪ್ಯಾಟಿಗೆ ಹೋಗಿ ಬಿಯರ್ ಕುಡಿಯೋದು ಕಲಿತ. ಯಾಕ ಅಂತ ಕೇಳಿದ್ರ ರುಚಿ ಮಾತೇ ಎತ್ತತಿರಲಿಲ್ಲ. "ಸೀಲ್ ಬಾಟ್ಲಿ ನೋಡಪಾ. ಗೌಡಂಗೂ ಇದೇ ಬಾಟ್ಲಿ, ನನಗೂ ಇದೇ. ಮ್ಯಾಲ ರೇಟ್ ಬರೆದಾರ. ಲೋಟ ಯಾರದು ಅಂತ ಯಾರೂ ಕೇಳಂಗಿಲ್ಲ" ಅಂತಿದ್ದ.

ಆ ಅಗ್ಗದ ಬಾಟ್ಲಿಗೆ ನಾನು ಕೊಡೋ ಅತಿ ದೊಡ್ಡ ಅಂಕ ಇದು. ಛಾಪಿಸಿದ ಎಂಆರ್‌ಪಿ. ಎಂಎಸ್‌ಐಎಲ್ ಅಂಗಡಿಗೆ ಹೋಗ್ರಿ, ಚಪ್ಪಲಿ ಮ್ಯಾಲ ಹೋಗ್ರಿ, ಬೂಟ್ ಹಾಕ್ಕೊಂಡು ಹೋಗ್ರಿ, ರೇಟ್ ಒಂದೇ. ಮೈಕ್ರೊಬ್ರೂವರಿಯಾಗ ಎಂಆರ್‌ಪಿ ಇಲ್ಲ. ಕುರ್ಚಿ, ಎಸಿ, ಹಾಡು, ಬಾಗಿಲಾಗ ನಿಂತು ಮೇಲಿಂದ ಕೆಳಗ ನೋಡೋ ಸೆಕ್ಯುರಿಟಿ, ಎಲ್ಲದರ ರೊಕ್ಕ ಆ ಗ್ಲಾಸಿನಾಗ ಸೇರ್ತದ. ಲೋಟ ಬೇರೆ ಇಡೋದಿಲ್ಲ ಖರೇ, ಮೆನು ಕಾರ್ಡೇ ಆ ಕೆಲಸ ಮಾಡ್ತದ.

ಹಂಗಂತ ಹೋಗಬ್ಯಾಡ ಅನ್ನೋನಲ್ಲ ನಾನು. ಒಳ್ಳೇದು ಅವರಿಗೆ, ಅಗ್ಗದ್ದು ನಮಗೆ ಅಂತ ನಾವೇ ಗೆರೆ ಎಳಕೊಳ್ಳೋದು ಬ್ಯಾಡ. ತಮ್ಮಾ, ಹೋಗು. ಪಿಲ್ಸನರ್ ಅದನೇನು ಕೇಳು. ಟ್ಯಾಂಕಿನಾಗ ಎಷ್ಟು ದಿನ ಇಟ್ಟಿದ್ರಿ ಅಂತ ಕೇಳು, ಇಂಗ್ಲಿಷ್‌ನಾಗೇ ಕೇಳಬೇಕಂತಿಲ್ಲ. ತಿಂಗಳು ಅಂದ್ರ ತಗೋ, ಒಂದು ಗ್ಲಾಸ್ ಸಾವಕಾಶ ಕುಡಿ. ಬ್ರೆಡ್ಡಿನ ವಾಸನೆ, ಕೊನೆಗೆ ಚೂರು ಕಹಿ, ನಾಲಗೆ ಸ್ವಚ್ಛ. ಅದು ಬ್ಯಾರೇನೇ ಅನುಭವ, ಆ ದಿನಕ್ಕ ಮುನ್ನೂರೈವತ್ತು ಬಾಳ್ತದ. ಉತ್ತರ ಕೊಡಾಕ ತಡವರಿಸಿದ್ರ ಎದ್ದು ಬಾ. ಇನ್ನು ಬಣ್ಣದ ಚಿತ್ರ ಅಂಟಿಸಿ ಕ್ರಾಫ್ಟ್ ಅಂತ ಬಾಟ್ಲಿಯಾಗ ಮಾರ್ತಾರಲ್ಲ, ಅದೂ ಫ್ಯಾಕ್ಟರಿಯಾಗ ತಯಾರಾಗಿ, ಅದೇ ಲಾರಿಯಾಗ ಬಂದು, ಅದೇ ಗೋದಾಮಿನಾಗ ಕೂತದ್ದು. ಲೇಬಲ್ಲಿಗೆ ಜಾಸ್ತಿ ಕೊಡೋದಿಲ್ಲ ನಾನು. ಅದಕ್ಕಿಂತ ತಣ್ಣನೆಯ ಮಾಮೂಲಿ ಕಿಂಗ್‌ಫಿಷರ್ ಸಾಕು.

ನನಗೆ ಕೊರೀತಿರೋ ಪ್ರಶ್ನೆ ಬ್ಯಾರೆ ಅದ. ಟ್ಯಾಂಕ್ ಯಾರದು, ಅಂಗಡಿ ಯಾರದು? ಹುಮನಾಬಾದ್ ದಾಟಿ ಎನ್‌ಎಚ್ 65 ಹಿಡಿದು ಹೋದ್ರ ಜಹೀರಾಬಾದ್, ತೆಲಂಗಾಣ. ಅಲ್ಲಿ 2021ರ ಮದ್ಯ ನೀತಿಯಾಗ ಅಂಗಡಿ ಲೈಸೆನ್ಸಿನಾಗ ಗೌಡ ಸಮುದಾಯಕ್ಕ, ಅಂದ್ರ ಸೇಂದಿ ಇಳಿಸೋ ಕುಲಕಸುಬಿನವರಿಗೆ ಶೇ. 15, ಪರಿಶಿಷ್ಟ ಜಾತಿಗೆ 10, ಪಂಗಡಕ್ಕ 5 ಮೀಸಲಾತಿ ಕೊಟ್ಟರು. ನಮ್ಮ ಕಡೆ 1992ರಿಂದ ಬಹಳ ವರ್ಷ ಹೊಸ ಸಿಎಲ್-2, ಸಿಎಲ್-9 ಲೈಸೆನ್ಸ್ ಕೊಡೋದೇ ನಿಂತಿತ್ತು. ಇದ್ದವರ ಕೈಯಾಗ ಇದ್ದದ್ದು, ಮಾರಿದ್ರೂ ರೊಕ್ಕ ಇದ್ದವರಿಗೇ. ಕುಡಿಯೋ ಸಾಲಿನಾಗ ನಾವು ಮುಂದ, ಗಲ್ಲಾ ಪೆಟ್ಟಿಗೆ ಹಿಂದ ಎಷ್ಟು ಜನ?

ಬೀದರ್ ಜಿಲ್ಲೆಯ ಸಿಎಲ್-2, ಸಿಎಲ್-9 ಲೈಸೆನ್ಸ್‌ದಾರರಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು ಅಂತ ತಾಲ್ಲೂಕುವಾರು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟೀನಿ. 150 ಪದ ಮೀರಬಾರದು, ಹತ್ತು ರೂಪಾಯಿ ಶುಲ್ಕ. ಸೋಮವಾರ ಹಾಕ್ತೀನಿ. ಕಲಬುರಗಿ, ರಾಯಚೂರು, ಯಾದಗಿರಿಯ ಗೆಳೆಯರು ತಮ್ಮ ತಮ್ಮ ಜಿಲ್ಲೆಗೆ ಇದನ್ನೇ ಹಾಕೋದಿದ್ರ ತಿಳಿಸ್ರಿ, ನಮೂನೆ ಕಳಿಸ್ತೀನಿ.