ಯಾರ ಮನೆಯವರು?

ಬಾಳೂರಿನಲ್ಲಿ ಬಸ್ಸಿನಿಂದ ಇಳಿದ ದಿನ ನನ್ನನ್ನು ಎದುರುಗೊಂಡದ್ದು ಒಂದು ಪ್ರಶ್ನೆ.

"ಯಾರ ಮನೆಯವ್ರು ನೀವು?"

ಅದು 1996. ಮದುವೆಯಾಗಿ ವಾರವೂ ತುಂಬಿರಲಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸಿ, ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸಿ, ಹೇಗೋ ಬಂದು ತಲುಪಿದ್ದೆ. ನನ್ನವರು ಪೆಟ್ಟಿಗೆ ಇಳಿಸಿಕೊಳ್ಳಲು ಬಸ್ಸಿನ ಹಿಂದಕ್ಕೆ ಹೋಗಿದ್ದರು. ಪ್ರಶ್ನೆ ಕೇಳಿದವರು ಕಂಬಳಿ ಹೊದ್ದ ಒಬ್ಬ ಅಜ್ಜ. ನಾನು ನನ್ನ ಹೆಸರು ಹೇಳಿದೆ. ಅಜ್ಜ ತಲೆಯಾಡಿಸಿದರು. "ಹೆಸರಲ್ಲಮ್ಮ, ಮನೆ ಯಾವ್ದು ಅಂತ ಕೇಳಿದ್ದು."

ಅಷ್ಟರಲ್ಲಿ ನನ್ನವರು ಬಂದರು. ಅಜ್ಜನ ಮುಖ ಅರಳಿತು. "ಓ, ಅಂಗಡಿಯವರ ಮನೆ ಸೊಸೆಯಾ!" ಅಂದಿನಿಂದ ನಾನು ಅಂಗಡಿಯವರ ಮನೆ ಸೊಸೆ. ನನ್ನ ಹೆಸರನ್ನು ಈ ಊರು ಕಲಿಯಲು ಹತ್ತು ವರ್ಷವಾದರೂ ಹಿಡಿದಿರಬೇಕು. ಅಲ್ಲಿಯವರೆಗೆ ನನ್ನ ಬೆನ್ನ ಹಿಂದೆ "ಘಟ್ಟದ ಕೆಳಗಿನವಳು" ಎಂಬ ಹೆಸರೂ ಓಡಾಡುತ್ತಿತ್ತು.

ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಅಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಯಾರೆಂದು ಯಾರೂ ಕೇಳುವುದಿಲ್ಲ. ಮೂಡಿಗೆರೆ ತಾಲ್ಲೂಕಿನ ಈ ಪುಟ್ಟ ಹೋಬಳಿಯ ಸುತ್ತ ಕಾಫಿ, ಮೆಣಸು, ಏಲಕ್ಕಿ, ಅದರಾಚೆ ಕಾಡು. ಇಲ್ಲಿಗೆ ಸಮೀಪದ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತಾಳೆ. ಗೊರೂರಿನ ಅಣೆಕಟ್ಟು ತುಂಬಿತೆಂದು ಪತ್ರಿಕೆಯಲ್ಲಿ ಬಂದರೆ "ನಮ್ಮ ಮಳೆ" ಎಂದು ಊರು ಹೆಮ್ಮೆಪಡುತ್ತದೆ. ಆ ಮಳೆಯ ಪಾಡು ಏನೆಂದು ನನಗೆ ತಿಳಿದದ್ದು ಮೊದಲ ಜೂನ್‌ನಲ್ಲಿ. ವಾರಗಟ್ಟಲೆ ಸೂರ್ಯನಿಲ್ಲ, ದಿನಗಟ್ಟಲೆ ಕರೆಂಟಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಬೇಕು. ಶಾಲೆಯ ಸಮವಸ್ತ್ರಕ್ಕೂ ಹೊಗೆಯ ವಾಸನೆ.

ಇಂಥ ಊರಿನಲ್ಲಿ ಬದುಕು ನಡೆಯುವುದೇ ಒಬ್ಬರಿಗೊಬ್ಬರು ಗೊತ್ತಿರುವುದರಿಂದ ಎಂದು ನನಗೆ ಕಲಿಸಿದ್ದು ನಮ್ಮ ಅಂಗಡಿಯ ಸಾಲದ ಪುಸ್ತಕ. ನನ್ನವರ ಅಜ್ಜ ಘಟ್ಟದ ಕೆಳಗಿನಿಂದ ಒಣಮೀನಿನ ಗೋಣಿ ತಂದು ಸಂತೆಗಳಲ್ಲಿ ಮಾರುತ್ತಿದ್ದವರು. ಅವರ ಮಗ, ಅಂದರೆ ನನ್ನ ಮಾವ, ದಿನಸಿ ಅಂಗಡಿ ಹಾಕಿದರು. ಆ ಪುಸ್ತಕದಲ್ಲಿ ಮನುಷ್ಯರ ಹೆಸರು ಕಡಿಮೆ. "ಗದ್ದೆಮನೆ", "ಮೇಲಿನಮನೆ", "ರೈಟರ ಮನೆ" ಎಂದೇ ಪುಟಗಳು.

ಹಿಂದೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. ಆ ಕಟ್ಟು ಸ್ವಲ್ಪ ಸ್ವಲ್ಪವೇ ಸಡಿಲವಾಗಿ, ನಾನು ಸೊಸೆಯಾಗಿ ಬಂದ 1996ರಲ್ಲೇ ಪೂರ್ತಿ ಕಳಚಿತು. ಬೆಲೆ ಚೆನ್ನಾಗಿದ್ದಾಗ ಎಲ್ಲರಿಗೂ ಅದು ಹಬ್ಬದಂತೆ ಕಂಡಿತು. 2001, 2002ರಲ್ಲಿ ಜಗತ್ತಿನ ಪೇಟೆಯಲ್ಲೇ ಕಾಫಿ ಬೆಲೆ ಹಲವು ದಶಕಗಳಲ್ಲಿ ಕಾಣದಷ್ಟು ಕೆಳಗೆ ಬಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆಂದು ಹಣ್ಣನ್ನು ಗಿಡದಲ್ಲೇ ಬಿಟ್ಟವರನ್ನು ನಾನು ಕಂಡಿದ್ದೇನೆ. ನಮ್ಮ ಪುಸ್ತಕದ ಪುಟಗಳು ತುಂಬುತ್ತಲೇ ಹೋದವು. ಒಂದು ರಾತ್ರಿ ನಾನು ಬಾಕಿ ಕೂಡಿಸಿ ಮಾವನ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಹೇಳಿದರು: "ಮನೆ ಗೊತ್ತುಂಟಲ್ಲ ಮಗಳೇ, ದುಡ್ಡು ಎಲ್ಲಿಗೆ ಹೋಗ್ತದೆ?" ಕೆಲವರ ದುಡ್ಡು ಬರಲು ಆರು ವರ್ಷ ಹಿಡಿಯಿತು. ಆದರೆ ಬಂತು.

ಗೊತ್ತಿರುವುದಕ್ಕೆ ಇನ್ನೊಂದು ಮುಖವೂ ಇದೆ. ಮಗಳು ಮೂಡಿಗೆರೆಯಲ್ಲಿ ಓದುತ್ತಿದ್ದಾಗ ಒಮ್ಮೆ ಸಹಪಾಠಿಯೊಬ್ಬನ ಎದುರು ಕೂತು ಹೋಟೆಲಿನಲ್ಲಿ ಚಹಾ ಕುಡಿದಳಂತೆ. ಅವಳ ಬಸ್ಸಿಗಿಂತ ಮೊದಲು ಸುದ್ದಿ ಮನೆ ತಲುಪಿತ್ತು, ಅದೂ ಮೂರು ಬಾಯಿಗಳಿಂದ. ನಾನೂ ಊರಿನ ಮಾತಿಗೆ ಹೆದರಿ ಅವಳನ್ನು ಗದರಿಸಿದೆ. ಇಂದಿಗೂ ಆ ಬಗ್ಗೆ ನನಗೆ ನಾಚಿಕೆಯಿದೆ. ಈಗ ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. "ಇಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲಮ್ಮ, ಅದೇ ಸುಖ" ಎನ್ನುತ್ತಾಳೆ. ಒಮ್ಮೆ ಜ್ವರ ಬಂದು ಮೂರು ದಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಳು. ಆಗಲೂ ಯಾರೂ ಕೇಳಲಿಲ್ಲ. ಅದನ್ನು ಅವಳು ನನಗೆ ಹೇಳಿದ್ದು ಎರಡು ತಿಂಗಳ ನಂತರ.

ಹೀಗೆ ಲಾಭ ನಷ್ಟ ತೂಗಿ ನೋಡಿ, ನಮ್ಮ ಊರೇ ವಾಸಿ ಎಂದುಕೊಂಡಿದ್ದೆ. ಆಮೇಲೆ ಬಂತು 2019ರ ಆಗಸ್ಟ್.

ಆ ಮಳೆಯನ್ನು ಕಂಡವರು ಮರೆಯಲಾರರು. ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳೇ ಜಾರಿ ಮನೆ, ತೋಟ, ಗದ್ದೆಗಳ ಮೇಲೆ ಬಂದವು. ಚಾರ್ಮಾಡಿ ರಸ್ತೆ ಕುಸಿದು ಮುಚ್ಚಿತು. ನನ್ನ ತವರಿನ ದಾರಿಯೂ ಕಡಿಯಿತು. ಮನೆ ಬಿಟ್ಟು ಬಂದವರಿಗೆ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದರು. ನಾವು ಅಂಗಡಿಯ ಅಕ್ಕಿ, ಬೇಳೆ ಹೊತ್ತುಕೊಂಡು ಅಲ್ಲಿಗೆ ಹೋದೆವು.

ಅಲ್ಲಿ ಯಾರು ಬಂದಿದ್ದಾರೆ, ಯಾರಿಲ್ಲ ಎಂದು ಪಟ್ಟಿ ಮಾಡುತ್ತಿದ್ದರು. ನಮ್ಮ ಊರಿನವರು ಕಾಗದ ನೋಡದೆಯೇ ಹೇಳುತ್ತಿದ್ದರು. "ಗದ್ದೆಮನೆಯಲ್ಲಿ ಐದು ಜನ. ಅಜ್ಜಿ ಮಗಳ ಮನೆಗೆ ಹೋಗಿದ್ದಾರೆ, ಹಾಗಾಗಿ ನಾಲ್ಕು. ಮೇಲಿನಮನೆಯ ಹುಡುಗ ಹಾಸನದಲ್ಲಿದ್ದಾನೆ, ಅವನನ್ನು ಬರೀಬೇಡಿ." ಕೇಳುತ್ತ ನನಗೆ ಕಣ್ಣು ತುಂಬಿತು. ಇಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ಬಲ್ಲ ಜನ ಎಲ್ಲಿ ಸಿಗುತ್ತಾರೆ?

ಆಗ ಬರೆಯುತ್ತಿದ್ದವರು ಕೇಳಿದರು: "ಮೇಲಿನ ತೋಟದ ಲೈನ್ ಮನೆಗಳಲ್ಲಿ ಎಷ್ಟು ಜನ?"

ಯಾರೂ ಮಾತಾಡಲಿಲ್ಲ. "ಅಸ್ಸಾಮಿನವರು ಒಂದಿಷ್ಟು ಜನ ಇದ್ದರು" ಎಂದರು ಒಬ್ಬರು. "ಹನ್ನೆರಡು ಇರಬಹುದು" ಎಂದರು ಇನ್ನೊಬ್ಬರು. ಮತ್ತೊಬ್ಬರು "ಇಲ್ಲ, ಇಪ್ಪತ್ತಕ್ಕೆ ಕಮ್ಮಿಯಿಲ್ಲ" ಎಂದರು. ಮಕ್ಕಳೆಷ್ಟು ಎಂದು ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನೂ ನೋಡಿದೆ. ವಾರಕ್ಕೊಮ್ಮೆ ನಮ್ಮ ಅಂಗಡಿಗೆ ಬರುವ ಜನ ಅವರು.

ಮರುದಿನ ಮಧ್ಯಾಹ್ನ ಅವರು ನಡೆದೇ ಬಂದರು. ತೊಯ್ದು ನಡುಗುತ್ತಿದ್ದರು, ಮಕ್ಕಳು ಹೆಗಲ ಮೇಲಿದ್ದವು. ಒಟ್ಟು ಹದಿನೇಳು ಜನ. ಯಾರಿಗೂ ಏನೂ ಆಗಿರಲಿಲ್ಲ. ಆಗಿದ್ದರೆ ಎಷ್ಟು ಜನಕ್ಕೆ ಆಯಿತೆಂದು ಹೇಳಲು ಈ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಹೊರ ರಾಜ್ಯದ ಕಾರ್ಮಿಕನನ್ನು ಕರೆತರುವ ಗುತ್ತಿಗೆದಾರ ಅವನಿಗೆ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕೆಂದು 1979ರಷ್ಟು ಹಿಂದೆಯೇ ಕಾನೂನು ಬಂದಿತ್ತು. ಅದನ್ನು ಓದಿ ತಿಳಿದದ್ದು ಆಮೇಲೆ. ನಮ್ಮ ಅಂಗಡಿಗೆ ಬರುವ ಯಾರ ಕೈಯಲ್ಲೂ ನಾನು ಅಂಥದ್ದನ್ನು ಕಂಡಿಲ್ಲ. ಆದರೆ ಬೇರೆಯವರ ತಪ್ಪು ಎಣಿಸುವ ಮೊದಲು ನನ್ನದನ್ನು ಹೇಳಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಕೊಯ್ಲು ಮುಗಿಯುತ್ತ ಬಂದಿತ್ತು, ಊರಿಗೆ ಹೋಗಲು ರೈಲಿಲ್ಲ, ಬಸ್ಸಿಲ್ಲ. ಲೈನ್ ಮನೆಯವರಿಗೆ ನಾವು ಸಾಲ ಕೊಟ್ಟೆವು. ಲೆಕ್ಕ ಬರೆಯುತ್ತಿದ್ದವಳು ನಾನೇ. ಒಂದು ಸಂಜೆ ಒಬ್ಬ ಹೆಂಗಸು ಮಗಳ ಜೊತೆ ಬಂದು ತನ್ನ ಬಾಕಿ ಎಷ್ಟೆಂದು ಕೇಳಿದಳು. ಪುಸ್ತಕ ತೆರೆದು ತೋರಿಸಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮಗಳು ಇಲ್ಲಿಯ ಸರ್ಕಾರಿ ಶಾಲೆಗೆ ಹೋಗುವವಳು. ಆ ಪುಟ್ಟ ಹುಡುಗಿ ಪುಟದ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿತು: "ಅಸ್ಸಾಂ... ಮೂರು." ಆಮೇಲೆ ನನ್ನನ್ನು ನೋಡಿ ಹೇಳಿತು: "ಇದು ನಮ್ಮ ಅಮ್ಮನ ಹೆಸರಲ್ಲ."

ಅದು ನನ್ನ ಕೈಬರಹ. ಅಸ್ಸಾಂ ಒಂದು, ಅಸ್ಸಾಂ ಎರಡು, ಅಸ್ಸಾಂ ಮೂರು. ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ಸುಲಭಕ್ಕೆಂದು ಬರೆದದ್ದು. ನನ್ನನ್ನು ಹತ್ತು ವರ್ಷ "ಘಟ್ಟದ ಕೆಳಗಿನವಳು" ಎಂದವರ ಮನಸ್ಸೂ ಕೆಟ್ಟದ್ದಾಗಿರಲಿಲ್ಲ.

ಆ ಸಾಲನ್ನು ಹೊಡೆದುಹಾಕಿ ಅವಳ ಹೆಸರು ಕೇಳಿ ಬರೆದೆ. ಅಭ್ಯಾಸಬಲದಿಂದ ಊರಲ್ಲಿ ಮನೆ ಎಲ್ಲಿ ಎಂದೂ ಕೇಳಿದೆ. ಅವಳ ಹರಕು ಕನ್ನಡದಲ್ಲಿ ಉತ್ತರ ಬಂತು: "ಮನೆ ಇಲ್ಲ ಅಕ್ಕ. ನದಿ ತಗೊಂಡು ಹೋಯ್ತು." ಬ್ರಹ್ಮಪುತ್ರದ ದಡದ ಊರಂತೆ. ಮಳೆಗಾಲ ಬಂತೆಂದರೆ ದಡ ಕುಸಿಯುತ್ತದೆ. ಗುಡ್ಡ ಜಾರಿ ಮನೆ ಕಳೆದುಕೊಂಡವರಿಗೆ ನಾವು ಅಕ್ಕಿ ಹೊತ್ತುಕೊಂಡು ಹೋಗಿದ್ದೆವು. ಅವರ ಜೊತೆಗೇ ಅದೇ ಶಾಲೆಯ ಮೂಲೆಯಲ್ಲಿ ನದಿಗೆ ಮನೆ ಕಳೆದುಕೊಂಡವಳೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಯಾರ ಮನೆಯವರು" ಎಂಬ ನಮ್ಮ ಪ್ರಶ್ನೆಗೆ ಅವಳ ಬಳಿ ಉತ್ತರವೇ ಇರಲಿಲ್ಲ. ಹಾಗಾಗಿ ಅವಳು ನಮ್ಮ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಯೋಚಿಸಿದರೆ ಈ ಬೆಟ್ಟಗಳಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ. ಕಾಫಿಯನ್ನು ಬಾಬಾ ಬುಡನ್ ಯೆಮೆನಿನಿಂದ ತಂದರೆಂದು ಹೇಳುತ್ತಾರೆ. ತೋಟಗಳನ್ನು ಬೆಳೆಸಿದ ಕೈಗಳಲ್ಲಿ ತುಳುನಾಡಿನವು, ತಮಿಳುನಾಡಿನವು ಎಷ್ಟೋ. ಅವರೆಲ್ಲ ನಿಧಾನಕ್ಕೆ ಒಂದೊಂದು ಮನೆಯ ಹೆಸರಾದರು, ನಮ್ಮ ಒಣಮೀನಿನ ಅಜ್ಜ "ಅಂಗಡಿಯವರ ಮನೆ" ಆದ ಹಾಗೆ. ಈಗ ಬರುವವರು ಒಂದು ಕೊಯ್ಲಿಗೆ ಬಂದು ಇನ್ನೊಂದಕ್ಕೆ ಬೇರೆ ತೋಟಕ್ಕೆ ಹೋಗುತ್ತಾರೆ. ಹೆಸರಾಗಲು ಅವರಿಗೆ ಸಮಯವಿಲ್ಲ, ಕೇಳಲು ನಮಗೆ ವ್ಯವಧಾನವಿಲ್ಲ. 2024ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಊರಿಗೆ ಹೊಸ ಕಾರುಗಳು ಬಂದವು, ನಮ್ಮ ಪುಸ್ತಕದ ಹಳೆಯ ಬಾಕಿಗಳೂ ತೀರಿದವು. ನಾನು ಬಲ್ಲ ಲೈನ್ ಮನೆಗಳ ಸೋರುವ ಹೆಂಚು ಮಾತ್ರ ಹಾಗೇ ಇದೆ.

ಆ ಹೆಂಗಸು ಮರುವರ್ಷ ಬೇರೆ ತೋಟಕ್ಕೆ ಹೋದಳು. ಹೋಗುವ ಮುನ್ನ ಅಂಗಡಿಗೆ ಬಂದು ಉಳಿದಿದ್ದ ನಲವತ್ತು ರೂಪಾಯಿ ಬಾಕಿ ತೀರಿಸಿದಳು. ನಾವು ಕೇಳಿರಲಿಲ್ಲ. ಅವಳ ಮನೆ ಎಲ್ಲೆಂದು ಗೊತ್ತಿಲ್ಲದಿದ್ದರೂ ದುಡ್ಡು ಬಂತು. ಮಾವ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆ.

ಈಗಲೂ ಬಸ್ಸಿನಿಂದ ಹೊಸಬರು ಇಳಿದರೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತವರು "ಯಾರ ಮನೆಗೆ?" ಎಂದು ಕೇಳುತ್ತಾರೆ. ಕೇಳಲಿ, ಅದು ಈ ಊರಿನ ಪ್ರೀತಿ. ನಾನು ಮಾತ್ರ ಮೊದಲು ಹೆಸರು ಕೇಳುತ್ತೇನೆ.